‘ನೀನು ಅಳೆದದ್ದು ಬ್ಲಾಂಕ್’ ಅಂದವರಿಗೆ: ಶುಭ್ರ ವಜ್ರದ ಜೊತೆ ನನ್ನ ಅನುಭವ

ಬಣ್ಣವಿಲ್ಲದ, ಇನ್‌ಕ್ಲೂಷನ್ (ಒಳಗೆ ಸಿಕ್ಕಿಬಿದ್ದ ಬೇರೆ ಖನಿಜದ ಚೂರು) ಇಲ್ಲದ ವಜ್ರದಲ್ಲಿ ಸ್ಟ್ರಾನ್ಷಿಯಂ, ಬೇರಿಯಂ, ಲ್ಯಾಂಥನಂ ಅಳೆಯುತ್ತೇನೆ ಅಂದಾಗ ಕೇಳಿದವರೆಲ್ಲ ನಕ್ಕರು. ‘ನೀನು ಅಳೆಯೋದು ನಿನ್ನ ಲ್ಯಾಬಿನ ಧೂಳು’ ಅಂತ. ಅಂದರೆ ಬ್ಲಾಂಕ್: ಕಲ್ಲೇ ಇಲ್ಲದಿದ್ದರೂ ಆಸಿಡ್, ಪಾತ್ರೆ, ಗಾಳಿಯಿಂದ ಬರುವ ಸಂಖ್ಯೆ. ಅವರ ಅನುಮಾನಕ್ಕೆ ಕಾರಣವೂ ಇತ್ತು. ನೈಟ್ರೋಜನ್ ಆದರೆ ನೂರಾರು ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ). ಎಫ್‌ಟಿಐಆರ್‌ನಲ್ಲಿ (ಇನ್‌ಫ್ರಾರೆಡ್ ಬೆಳಕಿನ ಪರೀಕ್ಷೆ) ಅದರ 1282ರ ಪೀಕ್ ನೋಡಿ ಎದ್ದು ಬರಬಹುದು. ಫೈಬ್ರಸ್ (ನಾರುನಾರಾದ, ಮಸುಕು) ವಜ್ರದಲ್ಲೂ ಕಷ್ಟವಿಲ್ಲ, ಅದು ಬೆಳೆಯುವಾಗ ಹಿಡಿದಿಟ್ಟುಕೊಂಡ ದ್ರವದಲ್ಲೇ ಎಲ್ಲ ಇದೆ. ಆಭರಣದ ಕಲ್ಲಿನ ಲೆಕ್ಕ ಬೇರೆ: 1 ಮಿಲಿಗ್ರಾಂ ಕೆರೆದರೂ, 1 ಪಿಪಿಬಿ (ನೂರು ಕೋಟಿಯಲ್ಲಿ ಒಂದು ಭಾಗ) ಇರುವ ಧಾತು ಕೈಗೆ ಸಿಗುವುದು 1 ಪಿಕೋಗ್ರಾಂ, ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು.

ವಿಧಾನ ನಾನು ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ತಂಡ 2009ರಲ್ಲಿ ಪ್ರಕಟಿಸಿದ ಮುಚ್ಚಿದ ಸೆಲ್‌ನ ದಾರಿ ಅದು. ಟೆಫ್ಲಾನ್ ಸೆಲ್ಲಿನೊಳಗೆ ಕಲ್ಲಿಟ್ಟು, ಕಿಟಕಿಯ ಮೂಲಕ ಲೇಸರ್ ಬಿಟ್ಟು, ಉದುರಿದ್ದನ್ನೆಲ್ಲ 6 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ತೊಳೆದು, ಒಣಗಿಸಿ, ಐಸಿಪಿ-ಎಂಎಸ್‌ಗೆ (ಧಾತುಗಳನ್ನು ತೂಕದ ಮೇಲೆ ಬಿಡಿಸಿ ಎಣಿಸುವ ಯಂತ್ರ) ಕೊಡುವುದು. ಕಲ್ಲು ಎಷ್ಟು ಸವೆಯಿತು ಅಂತ ಮೈಕ್ರೋಬ್ಯಾಲೆನ್ಸ್ ಹೇಳುತ್ತದೆ. ಓದಲು ಇಷ್ಟೇ.

ಕೈಯಲ್ಲಿ ಕಾಸಿಲ್ಲದೆ ಮೊದಲು 266 ನ್ಯಾನೋಮೀಟರಿನ ಲೇಸರ್ ಹಿಡಿದೆ. ಹಳದಿ ಛಾಯೆಯ ಕಲ್ಲು ಹೇಗೋ ಸವೆಯಿತು. ಟೈಪ್ 2ಎ (ನೈಟ್ರೋಜನ್ ಇಲ್ಲವೆನ್ನುವಷ್ಟು ಕಡಿಮೆ ಇರುವ) ಕಲ್ಲು ಇಟ್ಟರೆ ಕಿರಣ ಆರಾಮಾಗಿ ಹಾದುಹೋಗಿ ಕೆಳಗಿನ ಟೆಫ್ಲಾನನ್ನು ಸುಟ್ಟಿತು! ಸೆಲ್ಲೂ ಹೋಯಿತು, ವಾಸನೆಯೂ ವಾರವೆಲ್ಲ ಇತ್ತು. ಇನ್ನೂ ಚಿಕ್ಕ ತರಂಗದ ಎಕ್ಸೈಮರ್ ಲೇಸರ್ ಕೊಳ್ಳಲು ಕೋಟಿಗಳ ಮಾತು. ಕೊನೆಗೆ ಒಂದು ಸಂಸ್ಥೆಯಲ್ಲಿ 213 ನ್ಯಾನೋಮೀಟರಿನ (ಇದನ್ನು ಶುಭ್ರ ವಜ್ರವೂ ಹೀರುತ್ತದೆ) ಲೇಸರ್ ಯಂತ್ರವನ್ನು ಗಂಟೆ ಬಾಡಿಗೆಗೆ ಹಿಡಿದೆ, ರಾತ್ರಿ ಪಾಳಿಗೆ ಅರ್ಧ ದರ. ಒಂದು ಮಿಲಿಗ್ರಾಂ ಕೆರೆಯಲು ಹಲವು ಗಂಟೆ ಬೇಕು. ಬಾಡಿಗೆ, ಆರ್ಗಾನ್, ಆಸಿಡ್ ಸೇರಿ ಕಲ್ಲೊಂದಕ್ಕೆ ಹತ್ತಿಪ್ಪತ್ತು ಸಾವಿರ ಕರಗುತ್ತಿತ್ತು. ಪನ್ನಾ ಕಡೆಯ ಆಫ್-ಕಲರ್ ಕಲ್ಲುಗಳು ಅದಕ್ಕಿಂತ ಅಗ್ಗಕ್ಕೆ ಸಿಕ್ಕಿದ್ದವು.

ನಿಜವಾಗಿ ಹಣ ತಿಂದದ್ದು ಬ್ಲಾಂಕ್. ಬಾಟಲಿ ಆಸಿಡ್‌ನಲ್ಲಿ ಸೀಸ ತುಂಬಿ ತುಳುಕುತ್ತಿತ್ತು. ಎರಡು ಸಲ ಸಬ್‌ಬಾಯ್ಲಿಂಗ್ (ಕುದಿಸದೆ ನಿಧಾನವಾಗಿ ಆವಿ ಮಾಡಿ ಶುದ್ಧಗೊಳಿಸುವುದು) ಮಾಡಿದ ಮೇಲೆ ಇಳಿಯಿತು. ಪೌಡರ್ ಹಚ್ಚಿದ ಗ್ಲೌಸ್ ಇದ್ದಷ್ಟು ದಿನ ಸತುವಿನ ಕಥೆ ಕೇಳಬೇಡಿ. ಒಂದು ವಾರ ಬೇರಿಯಂ, ಸ್ಟ್ರಾನ್ಷಿಯಂ ಎರಡೂ ಒಟ್ಟಿಗೇ ಏರಿ ಕೂತವು. ನೀರು ಬದಲಿಸಿದೆ, ಸೆಲ್ ಬದಲಿಸಿದೆ, ಜಗ್ಗಲಿಲ್ಲ. ಕ್ಯಾಲೆಂಡರ್ ನೋಡಿದರೆ ದೀಪಾವಳಿ! ಹಸಿರು ಬೆಳಕು ಚೆಲ್ಲುವ ಪಟಾಕಿಯಲ್ಲಿ ಬೇರಿಯಂ, ಕೆಂಪು ಬೆಳಕಿನದರಲ್ಲಿ ಸ್ಟ್ರಾನ್ಷಿಯಂ. ಈಗ ಹಬ್ಬದ ಆಸುಪಾಸು ಸೆಲ್ ತೆರೆಯುವುದೇ ಇಲ್ಲ.

ಅನುಮಾನಿಸಿದವರ ಬಾಯಿ ಮುಚ್ಚಿಸಿದ್ದು ಇದು: ಒಂದೇ ಕಲ್ಲನ್ನು ಸುಮಾರು ಕಾಲು ಮಿಲಿಗ್ರಾಂ, ಅರ್ಧ, ಒಂದು ಹೀಗೆ ಬೇರೆ ಬೇರೆ ಪ್ರಮಾಣದಲ್ಲಿ ಕೆರೆದೆ. ಲ್ಯಾಬಿನ ಧೂಳಾಗಿದ್ದರೆ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬರಬೇಕು. ಲ್ಯಾಂಥನಂ, ಸೀರಿಯಂ ತೂಕದ ಜೊತೆಗೇ ಏರಿದವು. ಗೆರೆ ಎಳೆದರೆ ಶೂನ್ಯ ತೂಕದಲ್ಲಿ ಬ್ಲಾಂಕಿಗೇ ಬಂದು ನಿಂತಿತು. ಬ್ಲಾಂಕಿನ ಹತ್ತು ಸಿಗ್ಮಾಗಿಂತ (ಅದರ ಏರಿಳಿತದ ಹತ್ತು ಪಟ್ಟು) ಕೆಳಗಿದ್ದದ್ದನ್ನೆಲ್ಲ ನಾನೇ ಕಿತ್ತುಹಾಕಿದ್ದೆ. ಯುರೋಪಿಯಂ ಕೂಡ ಬಿಟ್ಟೆ, ಯಂತ್ರದಲ್ಲಿ ಅಷ್ಟೇ ತೂಕದ ಬೇರಿಯಂ ಆಕ್ಸೈಡ್ ಬಂದು ಅದೇ ಜಾಗದಲ್ಲಿ ಕೂರುತ್ತದೆ. ಕಿಟಕಿಗೆ ಅಂಟಿದ ಕಪ್ಪು ಮಸಿಯನ್ನು ಪೂರ್ತಿ ಇಳಿಸಿಕೊಳ್ಳುವುದು ಹೇಗೆ ಅಂತ ತುಂಬ ಜನ ಕೇಳಿದ್ದಾರೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಸುಮ್ಮನಿರಲಾರದೆ ಸೂರತ್‌ನ ಒಂದು ಎಚ್‌ಪಿಎಚ್‌ಟಿ (ಭಾರೀ ಒತ್ತಡ, ತಾಪದಲ್ಲಿ ಲ್ಯಾಬಿನಲ್ಲಿ ಬೆಳೆಸಿದ) ಕಲ್ಲನ್ನೂ ಕೆರೆದೆ. ಕೋಬಾಲ್ಟ್ ಕೂಗಿ ಹೇಳಿದಂತೆ ಬಂತು. ಕರಗಿದ ಲೋಹದಲ್ಲಿ ಬೆಳೆದದ್ದಲ್ಲವೇ! ಆದರೆ ಲ್ಯಾಬಿನ ಕಲ್ಲೆಂದು ಗುರುತಿಸಲು ಇಷ್ಟು ಖರ್ಚು ದಂಡ, ಸ್ಪೆಕ್ಟ್ರೋಸ್ಕೋಪಿಯಲ್ಲಿ ನಿಮಿಷದ ಕೆಲಸ.

ನನ್ನ ಸಹಜ ಕಲ್ಲುಗಳಲ್ಲಿ ಹಗುರ ರೇರ್ ಅರ್ತ್ ಧಾತುಗಳು (ಲ್ಯಾಂಥನಂ, ಸೀರಿಯಂ ಥರದವು) ಹೆಚ್ಚು, ಭಾರದವು ಕಡಿಮೆ. ಫೈಬ್ರಸ್ ವಜ್ರದ ದ್ರವಗಳ ಇಳಿಜಾರೇ, ಪ್ರಮಾಣ ಮಾತ್ರ ಸಾವಿರಾರು ಪಟ್ಟು ಕಡಿಮೆ. ಅಂದರೆ ಈ ಶುಭ್ರ ಕಲ್ಲುಗಳೂ ಮ್ಯಾಂಟಲಿನ (ಭೂಮಿಯ ಹೊರಚಿಪ್ಪಿನ ಕೆಳಗಿನ ಪದರ) ಅಂಥದ್ದೇ ದ್ರವದಲ್ಲಿ ಬೆಳೆದವು ಅನ್ನುವುದು ನನ್ನ ಓದು.

2024ರಲ್ಲಿ ಜಿ7 ದೇಶಗಳು ರಷ್ಯಾದ ವಜ್ರಕ್ಕೆ ಬಾಗಿಲು ಹಾಕಿದ ಮೇಲೆ ವ್ಯಾಪಾರಿಗಳದ್ದು ಒಂದೇ ಪ್ರಶ್ನೆ: ‘ಇದು ಯಾವ ಗಣಿಯದ್ದು ಹೇಳ್ತೀರಾ?’ ಇಲ್ಲ. ಒಂದೇ ಪೈಪಿನಲ್ಲಿ (ವಜ್ರ ಹೊತ್ತು ಮೇಲೆ ಬಂದ ಜ್ವಾಲಾಮುಖಿ ಕೊಳವೆ) ಪೆರಿಡೊಟೈಟ್ ಮೂಲದ್ದೂ ಎಕ್ಲೊಗೈಟ್ ಮೂಲದ್ದೂ, ಹೀಗೆ ಮ್ಯಾಂಟಲಿನ ಎರಡು ಬಗೆಯ ಶಿಲೆಯವು, ಒಟ್ಟಿಗೆ ಬರುತ್ತವೆ. ಕಲ್ಲು ಹುಟ್ಟಿದ ಬಗೆ ಹೇಳಬಹುದು, ಊರು ಹೇಳಲಾಗದು. ಹೇಳುತ್ತೇನೆ ಅನ್ನುವವರ ಬ್ಲಾಂಕ್ ಡೇಟಾ ಕೇಳಿ.

ಈಗ ಬೇಕಿರುವುದು ನಮ್ಮ ಬಳ್ಳಾರಿಯ ಪಕ್ಕದ ವಜ್ರಕರೂರಿನ ಕಲ್ಲು. ಅನಂತಪುರ, ಕರ್ನೂಲು ಕಡೆ ಮೊದಲ ಮಳೆ ಬಿದ್ದೊಡನೆ ಜನ ಹೊಲಕ್ಕಿಳಿದು ವಜ್ರ ಹುಡುಕುತ್ತಾರೆ. ಸಿಕ್ಕವರ ಹತ್ತಿರ ವಿಚಾರಿಸಿದ್ದೂ ಆಯಿತು. ಕಲ್ಲಲ್ಲಿ ಗುಂಡಿ ತೋಡುತ್ತೇನೆ ಅಂದ ಕೂಡಲೇ ದರ ದುಪ್ಪಟ್ಟಾಗುತ್ತದೆ.