ಠೇವಣಿ ಇಡುವ ಮುಂಚೆ ಪೇಪರ್ ಓದುವುದು ಹೇಗೆ

ಜಮಖಂಡಿಯಿಂದ ಹತ್ತೊಂಬತ್ತು ವರ್ಷ ಪೇಪರಿಗೆ ಸುದ್ದಿ ಕಳಿಸಿದವನು ನಾನು. ಕಬ್ಬಿನ ಬಿಲ್ ಕೈಗೆ ಬಂದಾಗ ಜನ ನನ್ನ ಹತ್ತಿರ ಬರುತ್ತಿದ್ದರು: "ಸರ, ಆ ಸೊಸೈಟಿ ಬಗ್ಗೆ ಪೇಪರಿನ್ಯಾಗ ಏನೂ ಕೆಟ್ಟದ್ ಬಂದಿಲ್ಲಲ್ರಿ, ರೊಕ್ಕ ಇಡ್ಲೇನು?"

ಬಂದಿಲ್ಲ ಅಂದರೆ ಇಲ್ಲ ಅಂತಲ್ಲ. ಒಂದು ಸೊಸೈಟಿ ಠೇವಣಿ ವಾಪಸ್ ಕೊಡಲು ದಿನ ದೂಡುತ್ತಿದೆ ಎಂದು ನಾನೇ ಬರೆದು ಕಳಿಸಿದ್ದೆ. ಅಚ್ಚಾಗಲಿಲ್ಲ. ಮರುವಾರ ಅದೇ ಪುಟದಲ್ಲಿ ಆ ಸೊಸೈಟಿಯ ಬೆಳ್ಳಿಹಬ್ಬದ ಜಾಹೀರಾತು ಬಂತು. ಕಮಿಷನ್ ನನಗೇ ಜಮೆಯಾಯಿತು. ಎರಡು ವರ್ಷಕ್ಕೆ ಸೊಸೈಟಿ ಬಾಗಿಲು ಮುಚ್ಚಿತು. ಸಾಲವೆಲ್ಲ ನಿರ್ದೇಶಕರ ಬೀಗರಿಗೆ ಹೋಗಿತ್ತು. ನಮ್ಮಕ್ಕನ ಎರಡು ಲಕ್ಷವೂ ಅದರಲ್ಲೇ ಇತ್ತು.

ಹಾಗಾಗಿ ಮೊದಲು ಪೇಪರನ್ನೇ ಪರೀಕ್ಷಿಸಿ. ಒಂದು ತಿಂಗಳ ಸಂಚಿಕೆ ಹರಡಿಕೊಂಡು ಊರಿನ ಬ್ಯಾಂಕು, ಸೊಸೈಟಿಗಳ ಸುದ್ದಿಯಷ್ಟೇ ನೋಡಿ. ಬರೀ ಶಾಲು, ಹಾರ, ಲಾಭಾಂಶ. ಸುಸ್ತಿ ಸಾಲದ, ಅಂದರೆ ಅವಧಿ ಮುಗಿದರೂ ತೀರದ ಸಾಲದ ಮಾತು ಒಂದೂ ಇಲ್ಲವೇ? ಆ ಪೇಪರಿನ ಮೌನವನ್ನು ನಂಬಬೇಡಿ. ಬರೆದವರ ಮೇಲೇ ತಿರುಗಿಬೀಳುವುದು ಜರ್ಮನಿಯಂಥ ದೇಶದಲ್ಲೂ ಆಗಿದೆ. ಹಣ ಪಾವತಿ ಸೇವೆಯ ವೈರ್‌ಕಾರ್ಡ್ ಕಂಪನಿಯ ಲೆಕ್ಕ ಸರಿಯಿಲ್ಲ ಎಂದು ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಬರೆದರೆ, 2019ರಲ್ಲಿ ಅಲ್ಲಿನ ಹಣಕಾಸು ನಿಯಂತ್ರಣ ಸಂಸ್ಥೆ ದೂರು ಕೊಟ್ಟದ್ದು ಪತ್ರಕರ್ತರ ಮೇಲೆ. 2020ರ ಜೂನ್‌ನಲ್ಲಿ ಕಂಪನಿ ಕುಸಿಯಿತು, 190 ಕೋಟಿ ಯೂರೊ ಲೆಕ್ಕಕ್ಕೇ ಸಿಗಲಿಲ್ಲ.

ಆಮೇಲೆ ವಿಮೆ. ಬ್ಯಾಂಕು ಮುಳುಗಿದರೆ ಪಟ್ಟಣ ಸಹಕಾರ ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರುವರಿಗೆ ಮುಂಚೆ 1 ಲಕ್ಷವಿತ್ತು. ಸೌಹಾರ್ದ ಸಹಕಾರಿ, ಪತ್ತಿನ ಸಂಘಗಳಿಗೆ ಈ ವಿಮೆ ಇಲ್ಲ.

ವಾಟ್ಸ್ಆ್ಯಪ್‌ನಲ್ಲಿ "ಬ್ಯಾಂಕ್ ಮುಳುಗಿತು" ಎಂದು ಬಂದರೆ ಓಡಬೇಡಿ. ಬ್ಯಾಂಕಾದರೆ ರಿಸರ್ವ್ ಬ್ಯಾಂಕಿನ ಪ್ರಕಟಣೆ ನೋಡಿ. ಹಣ ತೆಗೆಯಲು ನಿರ್ಬಂಧ ಹಾಕಿದರೆ ಹೆಸರು ಹಿಡಿದೇ ಹೇಳುತ್ತದೆ. ಮುಂಬೈನ ಪಿಎಂಸಿ (ಪಂಜಾಬ್ ಅಂಡ್ ಮಹಾರಾಷ್ಟ್ರ ಸಹಕಾರ) ಬ್ಯಾಂಕಿಗೆ 2019ರ ಸೆಪ್ಟೆಂಬರಿನಲ್ಲಿ ಹಾಕಿದಾಗ ಠೇವಣಿದಾರರಿಗೆ ಮೊದಲು ಸಿಕ್ಕಿದ್ದು 1,000 ರೂಪಾಯಿ. ಒಬ್ಬ ಬಿಲ್ಡರ್ ಸಮೂಹಕ್ಕೆ ಕೊಟ್ಟ ಸಾಲವನ್ನು ವರ್ಷಗಟ್ಟಲೆ ಮುಚ್ಚಿಟ್ಟದ್ದು ಆಗ ಹೊರಬಿತ್ತು. ಆ ಸುದ್ದಿ ಮೊದಲೇ ಹೊರಬಂದಿದ್ದರೆ ಗುಂಡಿ ಅಷ್ಟು ಆಳವಾಗುತ್ತಿರಲಿಲ್ಲ.

ನೀವು ಷೇರುದಾರರಾದರೆ ವಾರ್ಷಿಕ ಸಭೆ ತಪ್ಪಿಸಬೇಡಿ. ಚೂಡಾ, ಚಹಾ ಜೊತೆ ಕೊಡುವ ವರದಿ ಪುಸ್ತಕವನ್ನು ಹೋದ ವರ್ಷದ್ದರ ಪಕ್ಕ ಇಡಿ. ಸುಸ್ತಿ ಸಾಲ ಎಷ್ಟು ಏರಿತು, ನಿರ್ದೇಶಕರ ಸಂಬಂಧಿಕರ ಸಾಲ ಎಷ್ಟು — ಈ ಎರಡರ ಮೇಲೆ ಬೆರಳಿಡಿ. ನಂತರ ಎದ್ದು ನಿಂತು, ಪೇಪರಿನವರು ಕೂತಿರುವಾಗಲೇ ಕೇಳಿ. ತುಂಬಿದ ಸಭೆಯಲ್ಲಿ ಸದಸ್ಯರು ಕೇಳಿದ ಪ್ರಶ್ನೆಯನ್ನು ಬರೆಯಲು ತಾಲೂಕಿನ ವರದಿಗಾರನಿಗೂ ಧೈರ್ಯ ಬರುತ್ತದೆ. ಅಕ್ಕ ಈಗ ಬೇರೊಂದು ಸೊಸೈಟಿಯ ಸದಸ್ಯೆ. ಪ್ರತಿ ಸೆಪ್ಟೆಂಬರಿನಲ್ಲೂ ಎರಡು ಪುಸ್ತಕ ಬಗಲಲ್ಲಿ ಹಿಡಿದು ಮೊದಲ ಸಾಲಿನಲ್ಲೇ ಕೂರುತ್ತಾಳೆ.