ಕರಾಟೆ ಕ್ಲಬ್ಬಿನ ಜಾಲತಾಣದಲ್ಲಿ ಕನ್ನಡ ಸರಿಪಡಿಸಿದ ಬಗೆ

ವಿರಾಜಪೇಟೆಯ ನಮ್ಮ ಕರಾಟೆ ಕ್ಲಬ್ಬಿಗಾಗಿ ಸ್ವಯಂಸೇವಕರೇ ಸೇರಿ ಕಟ್ಟಿದ ಜಾಲತಾಣದಲ್ಲಿ ಬೆಲ್ಟ್ ಪರೀಕ್ಷೆಯ ನಿಯಮಗಳೂ ತರಗತಿಯ ವೇಳಾಪಟ್ಟಿಯೂ ಪೋಷಕರ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದ್ದವು. ಮೂಲ ಕಡತಗಳನ್ನು, ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿಯಾದ ಯೂನಿಕೋಡ್‌ಗಿಂತ ಹಿಂದಿನ ಬಗೆಯ ಫಾಂಟಿನಲ್ಲಿ ಟೈಪ್ ಮಾಡಲಾಗಿತ್ತು. ಅಂಥ ಫಾಂಟುಗಳು ಕನ್ನಡದ ಆಕಾರಗಳನ್ನು ಲ್ಯಾಟಿನ್ ಅಕ್ಷರಗಳ ಸಂಕೇತಗಳ ಮೇಲೆ ಕೂರಿಸುವುದರಿಂದ, ಆ ಫಾಂಟ್ ಇಲ್ಲದ ಫೋನಿನಲ್ಲಿ ಲ್ಯಾಟಿನ್ ಅಕ್ಷರಗಳೇ ಮೂಡುತ್ತವೆ. ಪಠ್ಯವನ್ನೆಲ್ಲ ಚಿತ್ರವಾಗಿಸಿ ಹಾಕೋಣವೆಂಬ ಸಲಹೆಯನ್ನು ನಾನು ಒಪ್ಪಲಿಲ್ಲ: ಚಿತ್ರದೊಳಗಿನ ಬರಹವನ್ನು ದೃಷ್ಟಿಹೀನರ ಫೋನ್ ಸರಿಯಾಗಿ ಓದಿ ಹೇಳುತ್ತದೆಂಬ ಭರವಸೆಯಿಲ್ಲ, ಮಳೆಗಾಲದಲ್ಲಿ ಕೊಡಗಿನ ದುರ್ಬಲ ನೆಟ್‌ವರ್ಕಿಗೆ ಅದು ಭಾರವೂ ಹೌದು. ಹಳೆಯ ಫಾಂಟಿನ ಸಂಕೇತಗಳನ್ನು ಬದಲಿಸುವ ಪರಿವರ್ತಕ ತಂತ್ರಾಂಶದ ಮೂಲಕ ಎಲ್ಲವನ್ನೂ ಯೂನಿಕೋಡಿಗೆ ತಂದು, ಪುಟದ ಕೋಡಿನ ತಲೆಭಾಗದಲ್ಲಿ ಯುಟಿಎಫ್-8 (ಯೂನಿಕೋಡ್ ಬರಹವನ್ನು ಕಡತದಲ್ಲಿ ಉಳಿಸುವ ವಿಧಾನ) ಎಂದು ಘೋಷಿಸಿ, ನೋಟೋ ಸಾನ್ಸ್ ಕನ್ನಡ ಫಾಂಟನ್ನು ಜೋಡಿಸಿದಾಗ ಬರಹ ಸರಿಯಾಯಿತು. ಪರಿವರ್ತನೆಯಲ್ಲಿ ಒತ್ತಕ್ಷರಗಳು ಅಲ್ಲಲ್ಲಿ ಕೆಡುವುದುಂಟು. ಮಕ್ಕಳ ಹೆಸರುಗಳನ್ನಾದರೂ ಮೂಲದೊಡನೆ ಹೋಲಿಸಿ ಓದಲೇಬೇಕು.