ಹೊಸತೊಡಕಿನ ಬಾಡೂಟ: 25 ಜನಕ್ಕೆ ಮನೆಯಲ್ಲೇ ಬಿಸಿ ಮುದ್ದೆ

ಯುಗಾದಿ ದಿನ ಒಬ್ಬಟ್ಟು, ಮಾರನೇ ದಿನ ಬಾಡು, ಅಂದರೆ ಮಾಂಸ. ಮಂಡ್ಯ, ಮೈಸೂರು, ರಾಮನಗರ, ತುಮಕೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯುಗಾದಿಯ ಮರುದಿನವೇ ಹೊಸತೊಡಕು. ಅವತ್ತು ಏನು ಉಣ್ಣುತ್ತೇವೋ, ಯಾರ ಜೊತೆ ಕೂತು ಉಣ್ಣುತ್ತೇವೋ, ವರ್ಷವೆಲ್ಲ ಅದೇ ನಡೆಯುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿದೆ. ಅದಕ್ಕೇ ಆ ದಿನ ಮನೆ ತುಂಬ ಜನ ಇರಬೇಕು ಅನ್ನುವುದು ನನ್ನ ಆಸೆ.

ನಾನು ಮಳವಳ್ಳಿ ಕಡೆಯವಳು. ಮದುವೆಯಾಗಿ ಬಂದಿದ್ದು ಬೆಂಗಳೂರಿನ ಕೆಂಗೇರಿಗೆ. ಮೊದಲೆಲ್ಲ ಹಬ್ಬಕ್ಕೆ ಊರಿಗೇ ಹೋಗುತ್ತಿದ್ದೆವು. ಅತ್ತೆ ಮಾವ ನಮ್ಮ ಜೊತೆಗೆ ಬಂದ ಮೇಲೆ ಹಬ್ಬವೂ ಇಲ್ಲಿಗೇ ಬಂತು. 2025ರ ಹೊಸತೊಡಕಿಗೆ ನೆಂಟರ ಜೊತೆ ಆಫೀಸಿನ ಗೆಳೆಯರನ್ನೂ ಕರೆದಿದ್ದೆ. ಅದಕ್ಕೂ ಒಂದು ಕಾರಣ ಇತ್ತು. ಹಿಂದಿನ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ, ಊಟಕ್ಕೆ ಬಾಡೂ ಇರಲಿ ಅನ್ನುವ ಮಾತು ದೊಡ್ಡ ಚರ್ಚೆಯಾಯಿತಲ್ಲ, ಆಗಿನಿಂದ ಧಾರವಾಡದ, ಉಡುಪಿಯ ಗೆಳತಿಯರು ‘ನಿಮ್ಮ ಬಾಡೂಟ ಯಾವಾಗ?’ ಅಂತ ಕೇಳುತ್ತಲೇ ಇದ್ದರು. ಆ ವರ್ಷ ಯುಗಾದಿ ಮಾರ್ಚ್ 30, ಭಾನುವಾರ. ಹೊಸತೊಡಕು ಸೋಮವಾರ. ಅದೇ ದಿನ ರಂಜಾನ್, ಎಲ್ಲರಿಗೂ ರಜೆ. ಇನ್ನೇನು ಬೇಕು? ಬನ್ನಿ ಅಂದೆ.

ಸೋಮವಾರ ಅಂದ ಕೂಡಲೇ ಮನೆಯಲ್ಲಿ ಒಂದು ಮಾತು ಬಂತು. ಎಷ್ಟೋ ಮನೆಗಳಲ್ಲಿ ಸೋಮವಾರ ಮಾಂಸ ಮುಟ್ಟುವುದಿಲ್ಲ, ಹೊಸತೊಡಕನ್ನು ಮಂಗಳವಾರಕ್ಕೆ ಹಾಕಿಕೊಳ್ಳುತ್ತಾರೆ. ನಮ್ಮತ್ತೆಯನ್ನು ಕೇಳಿದೆ. ‘ಹೊಸತೊಡಕಿಗೆ ವಾರ ನೋಡಂಗಿಲ್ಲ ಕಣವ್ವ, ಮಾಡು’ ಅಂದರು. ವಾರ ಹಿಡಿಯುವ ನೆಂಟರಿಗೆ, ಬಾಡು ತಿನ್ನದ ಗೆಳೆಯರಿಗೆ ಬೇರೆಯೇ ಅಡುಗೆ ಮಾಡಿದರಾಯಿತು ಅಂದುಕೊಂಡೆ.

ಇಷ್ಟು ಜನಕ್ಕೆ ಮನೆಯಲ್ಲೇ ಅಡುಗೆ ಮಾಡುವಾಗ ನಾನು ಮೊದಲು ನೋಡುವುದು ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ ಅಂತ. ಸಾರು ಕಾಯುತ್ತದೆ. ಕಾದಷ್ಟೂ ರುಚಿ ಕೂಡಿಕೊಳ್ಳುತ್ತದೆ. ಬೋಟಿ, ಅಂದರೆ ಕುರಿಯ ಕರುಳು ಹೊಟ್ಟೆಯ ಗೊಜ್ಜೂ ಅಷ್ಟೇ. ಮುದ್ದೆ ಕಾಯುವುದಿಲ್ಲ. ಆರಿದ ಮುದ್ದೆಯ ಮೇಲೆ ಸಿಪ್ಪೆ ಕಟ್ಟುತ್ತದೆ, ಗಂಟಲಲ್ಲಿ ಇಳಿಯುವುದಿಲ್ಲ, ಎಂಥ ಸಾರಿದ್ದರೂ ವ್ಯರ್ಥ. ಹಾಗಾಗಿ ನನ್ನ ಇಡೀ ದಿನದ ಲೆಕ್ಕ ಮುದ್ದೆಯಿಂದ ಹಿಂದಕ್ಕೆ ಬರುತ್ತದೆ. ಮಧ್ಯಾಹ್ನ 1 ಗಂಟೆಗೆ ಮೊದಲ ಪಂಕ್ತಿ ಅಂದರೆ 11.30ಕ್ಕೆ ಸಾರು ಇಳಿದಿರಬೇಕು. ಅಲ್ಲಿಂದಾಚೆ ಒಲೆ, ಕೈ, ಗಮನ ಮೂರೂ ಮುದ್ದೆಗೆ.

ಯುಗಾದಿ ದಿನ ಮನೆಯೊಳಗೆ ಮಾಂಸ ತರುವಂತಿಲ್ಲ. ಆದರೆ ಕೆಲಸ ಆವತ್ತೇ ಶುರು. ಒಬ್ಬಟ್ಟಿಗೆ ಬೇಳೆ ಬೇಯಿಸುವಾಗ ಸ್ವಲ್ಪ ಜಾಸ್ತಿಯೇ ಬೇಯಿಸಿ, ಕಟ್ಟು ಬಸಿದು, ಒಬ್ಬಟ್ಟಿನ ಸಾರನ್ನು ದೊಡ್ಡ ಪಾತ್ರೆಯಲ್ಲೇ ಮಾಡಿದೆ. ಈ ಸಾರು ಮಾರನೇ ದಿನಕ್ಕೇ ಹೆಚ್ಚು ರುಚಿ ಅನ್ನುವುದು ಎಲ್ಲರಿಗೂ ಗೊತ್ತು. ಬೇಸಿಗೆಯಾದ್ದರಿಂದ ರಾತ್ರಿ ಚೆನ್ನಾಗಿ ಕುದಿಸಿ, ಆರಿಸಿ, ಫ್ರಿಜ್‌ನಲ್ಲಿಟ್ಟೆ. 1 ಕೆಜಿ ಬೇಳೆಗೆ 1 ಕೆಜಿ ಬೆಲ್ಲ ಹಾಕಿದರೆ ನಿಂಬೆಹಣ್ಣಿನ ಗಾತ್ರದ ಹೂರಣದಲ್ಲಿ 50ರ ಮೇಲೆ ಒಬ್ಬಟ್ಟು ಆಗುತ್ತವೆ. ಮಾರನೇ ದಿನಕ್ಕೆ ಬೇಕಾದಷ್ಟು ಎತ್ತಿಟ್ಟೆ. ಬಾಡು ತಿನ್ನದವರ ಊಟದಲ್ಲಿ ಅರ್ಧ ಭಾಗ ಅಲ್ಲಿಗೇ ಮುಗಿಯಿತು. ಬೆಳಿಗ್ಗೆ ಮಾವಿನಕಾಯಿ ಚಿತ್ರಾನ್ನ, ಕೋಸಂಬರಿ ಮಾಡಿದರೆ ಸಾಕು. ಕೋಸಂಬರಿಗೆ ಉಪ್ಪು ಮಾತ್ರ ಬಡಿಸುವ ಹೊತ್ತಿಗೇ ಹಾಕಬೇಕು. ಇಲ್ಲದಿದ್ದರೆ ಸೌತೆಕಾಯಿ ನೀರು ಬಿಡುತ್ತದೆ.

ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಎಲ್ಲರೂ ಟಿವಿ ಮುಂದೆ ಕೂತು ಬೆಳ್ಳುಳ್ಳಿ ಸುಲಿದೆವು. ಧನಿಯಾ, ಮೆಣಸಿನಕಾಯಿ ಹುರಿದು ಪುಡಿ ಮಾಡಿಟ್ಟೆ. 5 ಕೆಜಿ ಬಾಡಿಗೆ ನಾನು ಹಾಕುವುದು ಸುಮಾರು 100 ಗ್ರಾಂ ಧನಿಯಾ, 50 ಗ್ರಾಂ ಬ್ಯಾಡಗಿ, 25 ಗ್ರಾಂ ಗುಂಟೂರು ಮೆಣಸಿನಕಾಯಿ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಶಾಮಿಯಾನದ ಅಂಗಡಿಯಿಂದ ಒಂದು ದೊಡ್ಡ ಒಲೆ, ಎರಡು ಅಗಲದ ಪಾತ್ರೆ ಬಾಡಿಗೆಗೆ ತಂದು ಮಹಡಿ ಮೇಲೆ ಇಟ್ಟಾಗಿತ್ತು.

ಬಾಡು ತರುವುದು ನಮ್ಮನೆಯವರ ಕೆಲಸ. ಹೊಸತೊಡಕಿನ ಬೆಳಗಿನ ಜಾವ ಮೈಸೂರು ರಸ್ತೆಯಲ್ಲಿ ಮಾಂಸದ ಅಂಗಡಿಗಳ ಮುಂದಿನ ಸಾಲು ನೋಡಿದವರಿಗೆ ಗೊತ್ತು, ಅಲ್ಲಿ ನಿಂತರೆ ಅರ್ಧ ದಿನ ಹೋಗುತ್ತದೆ. ನಮ್ಮ ಬಡಾವಣೆಯಲ್ಲಿ ಊರಿನ ಹಾಗೇ ಚೀಟಿ ನಡೆಸುತ್ತಾರೆ. ವರ್ಷವಿಡೀ ತಿಂಗಳಿಗೆ ಇಷ್ಟು ಅಂತ ದುಡ್ಡು ಹಾಕಿ, ಹಬ್ಬಕ್ಕೆ ಮುಂಚೆ ಕುರಿ ತಂದು, ಹೊಸತೊಡಕಿನ ಬೆಳಿಗ್ಗೆ ಕೊಯ್ದು, ಪಾಲು ಮಾಡಿ ಗುಡ್ಡೆ ಹಾಕುತ್ತಾರೆ. ಗುಡ್ಡೆ ಬಾಡು ನನಗೆ ಇಷ್ಟವಾಗುವುದು ಇದಕ್ಕೇ: ಪ್ರತಿ ಗುಡ್ಡೆಯಲ್ಲೂ ಎಲ್ಲ ಇರುತ್ತದೆ. ತೊಡೆ, ಎದೆ, ನಳ್ಳಿ ಮೂಳೆ, ಒಂದಿಷ್ಟು ನೆಣ, ಬೋಟಿ, ಲಿವರ್ ಎಲ್ಲ. ಸಾರಿಗೆ ಬೇಕಾದದ್ದು ಈ ಬೆರಕೆಯೇ. ಬರೀ ಮೆತ್ತನೆ ತುಂಡುಗಳಿಂದ ಸಾರಿಗೆ ಸತ್ವ ಬರುವುದಿಲ್ಲ, ಮೂಳೆ ನೆಣ ಇರಲೇಬೇಕು. ಬನ್ನೂರು ಕುರಿಯಾದರೆ ಇನ್ನೂ ಒಳ್ಳೆಯದು, ಆದರೆ ಬೆಂಗಳೂರಿನಲ್ಲಿ ಬನ್ನೂರು ಅಂತ ಹೇಳಿ ಮಾರುವುದೆಲ್ಲ ಬನ್ನೂರಲ್ಲ. ನಾವು ತೆಗೆದುಕೊಂಡಿದ್ದು ಎರಡು ಪಾಲು. ಬೋಟಿ ಬಿಟ್ಟು 6 ಕೆಜಿ ಬಂತು. ಒಬ್ಬರಿಗೆ 200ರಿಂದ 250 ಗ್ರಾಂ ಲೆಕ್ಕ ಹಿಡಿದರೆ 25 ಜನಕ್ಕೆ ಸರಿಹೋಗುತ್ತದೆ.

ಮನೆಗೆ ಬಂದ ತಕ್ಷಣ ಮೊದಲು ಕೈ ಹಾಕಬೇಕಾದ್ದು ಬೋಟಿಗೆ, ಯಾಕೆಂದರೆ ಅದಕ್ಕೇ ಜಾಸ್ತಿ ಹೊತ್ತು. ಅತ್ತೆ ಹಿತ್ತಲಲ್ಲಿ ಕೂತು, ಬಿಸಿನೀರು ಹಾಕಿ, ಮೇಲಿನ ಕರಿ ಪೊರೆ ಕೆರೆದು, ಕರುಳನ್ನು ಒಳಹೊರಗೆ ತಿರುವಿ ಉಪ್ಪು ಅರಿಶಿನದಲ್ಲಿ ಉಜ್ಜಿ ಉಜ್ಜಿ ತೊಳೆದರು. ಈ ಕೆಲಸದಲ್ಲಿ ಅವರ ಕೈಗೆ ಸಾಟಿ ಇಲ್ಲ. ಬೋಟಿ ವಾಸನೆ ಬರುತ್ತದೆ ಅನ್ನುವವರು ಸರಿಯಾಗಿ ತೊಳೆದ ಬೋಟಿ ತಿಂದಿರುವುದಿಲ್ಲ. ಅದನ್ನು ಕುಕ್ಕರಿನಲ್ಲಿ ಬೇರೆಯೇ ಬೇಯಿಸಿ, ಆ ನೀರು ಚೆಲ್ಲಿ, ಆಮೇಲೆ ಗೊಜ್ಜಿಗೆ ಹಾಕಿದೆ.

ಸಾರಿಗೆ 5 ಕೆಜಿ, ಉಳಿದ 1 ಕೆಜಿ ಲಿವರ್ ಜೊತೆ ಮೆಣಸು ಹಾಕಿ ಹುರಿಯಲು. 8.30ಕ್ಕೆ ಪಾತ್ರೆ ಒಲೆ ಮೇಲಿತ್ತು. ಎಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಬಾಡು ಹಾಕಿ, ಅರಿಶಿನ, ಉಪ್ಪು ಹಾಕಿ ಮಗುಚುತ್ತಾ ಇರಬೇಕು. ಅದು ತಾನೇ ನೀರು ಬಿಡುತ್ತದೆ. ಆ ನೀರು ಪೂರ್ತಿ ಇಂಗುವವರೆಗೆ ಅವಸರ ಮಾಡಬಾರದು. ಉಪ್ಪು ತುಂಡಿನೊಳಗೆ ಇಳಿಯುವುದು, ಹಸಿ ವಾಸನೆ ಹೋಗುವುದು ಆಗಲೇ. ಆಮೇಲೆ ಕುದಿಯುವ ನೀರು. ತಣ್ಣೀರು ಹೊಯ್ದರೆ ಪಾತ್ರೆ ಆರಿಹೋಗಿ ಬೇಯುವುದಕ್ಕೆ ಇನ್ನಷ್ಟು ಹೊತ್ತು ಹಿಡಿಯುತ್ತದೆ. ಇಷ್ಟು ಬಾಡನ್ನು ನಾನು ಕುಕ್ಕರಿಗೆ ಹಾಕುವುದಿಲ್ಲ. ತೆರೆದ ಪಾತ್ರೆಯಲ್ಲಿ ಎರಡು ಗಂಟೆ ನಿಧಾನಕ್ಕೆ ಬೆಂದರೆ ಮೂಳೆಯ ಸಾರವೆಲ್ಲ ನೀರಿಗಿಳಿಯುತ್ತದೆ, ತುಂಡೂ ಕರಗಿಹೋಗುವುದಿಲ್ಲ.

ಅದು ಬೇಯುವಾಗ ಮಸಾಲೆ ರುಬ್ಬಿಕೊಂಡೆ. ಎಣ್ಣೆಯಲ್ಲಿ ಕೆಂಪಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಕೊತ್ತಂಬರಿ ಸೊಪ್ಪು, ಸ್ವಲ್ಪ ಪುದೀನ, ನಿನ್ನೆಯ ಪುಡಿ, ಇವೆಲ್ಲ ಒಂದು ಕಡೆ. ಎರಡು ತೆಂಗಿನಕಾಯಿ, ಒಂದು ಹಿಡಿ ಹುರಿಗಡಲೆ, ಎರಡು ಚಮಚ ಗಸಗಸೆ ಇನ್ನೊಂದು ಕಡೆ. ಇವೆರಡನ್ನೂ ಬೇರೆ ಬೇರೆ ರುಬ್ಬುವುದಕ್ಕೆ ಕಾರಣ ಇದೆ. ಖಾರದ ಮಸಾಲೆ ಚೆನ್ನಾಗಿ ಕುದಿಯಬೇಕು. ಕಾಯಿ ಹೆಚ್ಚು ಕುದಿಯಬಾರದು, ತಳವೂ ಹಿಡಿಯುತ್ತದೆ. ತುಂಡು ಮುಕ್ಕಾಲು ಬೆಂದ ಮೇಲೆ ಖಾರ, ಪೂರ್ತಿ ಬೆಂದ ಮೇಲೆ ಕಾಯಿ, ಅಲ್ಲಿಂದ ಹತ್ತು ಹದಿನೈದು ನಿಮಿಷ ಅಷ್ಟೇ. ಮುದ್ದೆಗೆ ಹೋಗುವ ಸಾರು ತೀರಾ ಗಟ್ಟಿ ಇರಬಾರದು. ಸೌಟಿನಿಂದ ಸರಾಗವಾಗಿ ಇಳಿಯಬೇಕು, ಮೇಲೆ ಎಣ್ಣೆ ತೇಲಬೇಕು.

ಅಷ್ಟು ಹೊತ್ತಿಗೆ ಜನ ಬರಲು ಶುರುವಾಗಿತ್ತು. ಪಕ್ಕದ ಮನೆಯವರಿಗೆ ರಂಜಾನ್ ಊಟ, ಅವರು ಬರುವಂತಿರಲಿಲ್ಲ. ಶೀರ್ ಖುರ್ಮಾ ಕಳಿಸಿದರು, ನಾವು ಒಬ್ಬಟ್ಟು ಕಳಿಸಿದೆವು. ಬಾಡು ತಿನ್ನದವರಿಗೆ ಕೆಳಗೆ ಅಡುಗೆಮನೆಯಲ್ಲೇ ಬೇರೆ ಒಲೆ, ಬೇರೆ ಸೌಟು, ಬೇರೆ ತಟ್ಟೆ ಇಟ್ಟು, ಅದನ್ನು ಕರೆಯುವಾಗಲೇ ಹೇಳಿದ್ದೆ. ಇದು ಬಹಳ ಮುಖ್ಯ. ಬಂದವರು ಯಾವ ಸೌಟು ಯಾವುದರಲ್ಲಿ ಅದ್ದಿದ್ದು ಅಂತ ಒಳಗೊಳಗೇ ಯೋಚಿಸುತ್ತಾ ಉಣ್ಣುವಂತಾಗಬಾರದು.

ಈಗ ಮುದ್ದೆ. 1 ಕೆಜಿ ರಾಗಿ ಹಿಟ್ಟಿಗೆ 12 ಮುದ್ದೆ ಬರುತ್ತವೆ. ಊರಿನವರಿಗೆ ಎರಡು, ಹೊಸಬರಿಗೆ ಒಂದು, ಮಕ್ಕಳಿಗೆ ಅರ್ಧ ಅಂತ ಲೆಕ್ಕ ಹಾಕಿ 3 ಕೆಜಿ ಹಿಟ್ಟು ತೆಗೆದಿಟ್ಟೆ. ಆದರೆ ಒಟ್ಟಿಗೆ ಮಾಡಲಿಲ್ಲ. ಮೂರು ಪಂಕ್ತಿ, ಪಂಕ್ತಿಗೆ ಒಂದು ಕೆಜಿ. ಒಂದು ಪಂಕ್ತಿ ಅರ್ಧ ಊಟದಲ್ಲಿರುವಾಗ ಮುಂದಿನದಕ್ಕೆ ಎಸರು.

ಹಿಟ್ಟನ್ನು ಅಳೆದ ಪಾತ್ರೆಯಲ್ಲೇ ಎರಡರಷ್ಟು ನೀರು. ಚಿಟಿಕೆ ಉಪ್ಪು. ಒಂದು ಹಿಡಿ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಎಸರಿಗೆ ಹೊಯ್ದು ಅಂಬಲಿಯ ಹಾಗೆ ಕುದಿಸುತ್ತೇನೆ. ಅದು ಉಕ್ಕಿ ಬರುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಬೇಕು. ಕೈಯಾಡಿಸಬಾರದು. ಕೋಲಿನಿಂದ ಗುಡ್ಡೆಯ ನಡುವೆ ಒಂದು ತೂತು ಮಾಡಿ ಉರಿ ಸಣ್ಣಗೆ ಮಾಡಿದರೆ ನೀರು ತೂತಿನಿಂದ ಮೇಲೆ ಬಂದು ಹಿಟ್ಟನ್ನು ಬೇಯಿಸುತ್ತದೆ. ಒಂದು ಕೆಜಿಗೆ ಏಳೆಂಟು ನಿಮಿಷ. ಈ ಹೊತ್ತಿನಲ್ಲಿ ಹಿಟ್ಟು ಬೇಯದಿದ್ದರೆ ಆಮೇಲೆ ಎಷ್ಟು ತಿರುವಿದರೂ ಗಂಟು ಉಳಿಯುತ್ತದೆ. ಆಮೇಲೆ ಪಾತ್ರೆ ಇಳಿಸಿ, ಎರಡೂ ಕಾಲಲ್ಲಿ ಬಟ್ಟೆ ಸುತ್ತಿ ಅದುಮಿ ಹಿಡಿದು, ಮುದ್ದೆ ಕೋಲಿನಿಂದ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿರುವಬೇಕು. ಮತ್ತೆ ಒಂದು ಚೂರು ಬಿಸಿನೀರು ಚಿಮುಕಿಸಿ ಸಣ್ಣ ಉರಿಯಲ್ಲಿ ಎರಡು ನಿಮಿಷ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು, ಅದೇ ಗುರುತು. ತಟ್ಟೆಗೆ ನೀರು ಸವರಿ, ಬಿಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ಕಟ್ಟಬೇಕು.

ಮುದ್ದೆಗೆ ಬಾಳೆ ಎಲೆ ನನಗೆ ಸರಿಬರುವುದಿಲ್ಲ. ಒಬ್ಬಟ್ಟಿನೂಟಕ್ಕೆ ಎಲೆಯೇ ಚಂದ. ಆದರೆ ಬಾಡಿನ ಸಾರು ಎಲೆಯಲ್ಲಿ ನಿಲ್ಲುವುದಿಲ್ಲ, ಹರಿದು ಚಾಪೆಗೆ ಹೋಗುತ್ತದೆ. ಅಂಚಿರುವ ಸ್ಟೀಲ್ ತಟ್ಟೆಯಲ್ಲಿ ಮುದ್ದೆ, ಅದರ ಸುತ್ತ ಸಾರು, ಪಕ್ಕದಲ್ಲಿ ಬೋಟಿ ಗೊಜ್ಜು, ಈರುಳ್ಳಿ, ನಿಂಬೆ ಹೋಳು. ಉಡುಪಿಯ ಗೆಳತಿ ಮೊದಲ ತುತ್ತನ್ನೇ ಅಗಿಯಲು ಹೋದಳು. ನಮ್ಮ ಮಾವ ಪಕ್ಕದಲ್ಲಿ ಕೂತು, ‘ಅಗೀಬ್ಯಾಡ ಕಣಮ್ಮ, ಬಾಡು ಅಗಿ, ಹಿಟ್ಟು ನುಂಗು’ ಅಂತ ಚಿಕ್ಕ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿ ತೋರಿಸಿದರು. ಅವಳು ಒಂದು ಪೂರ್ತಿ ಮುಗಿಸಿ ಇನ್ನರ್ಧ ಹಾಕಿಸಿಕೊಂಡಳು. ಹೊಸಬರಿಗೆ ಮೊದಲೇ ಅನ್ನ ಬಡಿಸಿಬಿಡಬಾರದು, ಸಣ್ಣ ಮುದ್ದೆ ಕಟ್ಟಿ ಕೊಡಬೇಕು. ಸಣ್ಣದಾದರೆ ಹೆದರುವುದಿಲ್ಲ. ಅನ್ನ ಆಮೇಲೆ ಇದ್ದೇ ಇದೆ.

ಪಂಕ್ತಿಯ ಬಗ್ಗೆ ನನಗೆ ಗಟ್ಟಿಯಾದ ಒಂದು ಅಭಿಪ್ರಾಯ ಇದೆ. ನಮ್ಮ ಕಡೆ ಬೆಳಗಿನಿಂದ ಒಲೆ ಮುಂದೆ ಬೆಂದ ಹೆಂಗಸರು ಕೊನೆಗೆ ಕೂರುತ್ತಾರೆ. ಅಷ್ಟು ಹೊತ್ತಿಗೆ ಸಾರಿನಲ್ಲಿ ತುಂಡು ಹುಡುಕಬೇಕು, ಮುದ್ದೆ ತಣ್ಣಗೆ ಕೂತಿರುತ್ತದೆ. ಅಮ್ಮ ಹಾಗೆ ಉಂಡದ್ದನ್ನು ನೋಡುತ್ತಲೇ ಬೆಳೆದೆ. ನನ್ನ ಮನೆಯಲ್ಲಿ ಅದು ಬೇಡ. ಅದಕ್ಕೇ ಸಾರು ಇಳಿಸಿದ ಕೂಡಲೇ ಕೊನೇ ಪಂಕ್ತಿಯ ಪಾಲನ್ನು ಬೇರೆ ಪಾತ್ರೆಗೆ ತೋಡಿ ಮುಚ್ಚಿಡುತ್ತೇನೆ. ನಳ್ಳಿ ಮೂಳೆ, ಲಿವರ್ ತುಂಡು ಎಲ್ಲ ಸೇರಿಸಿ. ಅದನ್ನು ಯಾರೂ ಮುಟ್ಟುವಂತಿಲ್ಲ. ಕೊನೇ ಕೆಜಿ ಹಿಟ್ಟನ್ನು ತಿರುವುವುದು ಉಂಡು ಎದ್ದ ಗಂಡಸರ ಕೆಲಸ ಅಂತ ಮೊದಲೇ ಹೇಳಿಟ್ಟಿದ್ದೆ.

ನಮ್ಮ ಮೈದುನನೇ ಮುಂದೆ ಬಂದ. ಕೋಲು ಹಿಡಿದು ಬೆವರು ಸುರಿಸಿಕೊಂಡು ತಿರುವಿದ. ಧಾರವಾಡದ ಗೆಳತಿಯ ಗಂಡ ಪಾತ್ರೆ ಹಿಡಿದುಕೊಂಡರು. ಅತ್ತೆ, ನಾನು, ನಾದಿನಿ, ಕೈ ಜೋಡಿಸಿದ್ದ ಗೆಳತಿಯರು, ಎಲ್ಲರೂ ಒಟ್ಟಿಗೆ ಕೂತೆವು. ನಮ್ಮನೆಯವರು ಬಡಿಸಿದರು. ಅತ್ತೆ ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿ, ‘ಗಂಟಿಲ್ಲ ಕಣ್ಲಾ, ಇನ್ಮೇಲೆ ನೀನೇ ತಿರುವು’ ಅಂದರು. ಮುಂದಿನ ಹೊಸತೊಡಕಿಗೆ ಕೋಲು ಅವನ ಕೈಗೆ ಅಂತ ಅಲ್ಲೇ ತೀರ್ಮಾನವಾಯಿತು.